ಚಾನ್ಸೆಲರ್ ಬೇಡವೆಂದರು, ಸಚಿವೆ ಹೌದೆಂದರು: ಆಸ್ಟ್ರಿಯಾದ ಒಂದು ಮತದ ಪ್ರಕರಣ

2024ರ ಜೂನ್ 17, ಸೋಮವಾರ. ಯುರೋಪಿಯನ್ ಒಕ್ಕೂಟದ 27 ದೇಶಗಳ ಪರಿಸರ ಸಚಿವರು ಲಕ್ಸೆಂಬರ್ಗ್‌ನಲ್ಲಿ ಸೇರಿದ್ದರು. ಮೇಜಿನ ಮೇಲಿದ್ದದ್ದು ಪ್ರಕೃತಿ ಪುನಶ್ಚೇತನ ಕಾನೂನು. ಆಸ್ಟ್ರಿಯಾದ ಸಚಿವೆ ಅದಕ್ಕೆ ಹೌದೆಂದು ಮತ ಹಾಕಿದರು. ಕಾನೂನು ಪಾಸಾಯಿತು. ಅಷ್ಟೇ ಆಗಿದ್ದರೆ ಅದು ಸುದ್ದಿಯೇ ಅಲ್ಲ. ಆದರೆ ಅದೇ ಆಸ್ಟ್ರಿಯಾದ ಚಾನ್ಸೆಲರ್, ಅಂದರೆ ಆಕೆಯ ಸರ್ಕಾರದ ಮುಖ್ಯಸ್ಥರು, ಈ ಮತ ಹಾಕಲು ಆಕೆಗೆ ಅಧಿಕಾರವೇ ಇಲ್ಲ ಎಂದು ಒಕ್ಕೂಟಕ್ಕೆ ಪತ್ರ ಬರೆದಿದ್ದರು.

ಒಬ್ಬ ಸಚಿವೆ ತನ್ನ ಸರ್ಕಾರದ ಮುಖ್ಯಸ್ಥನ ಮಾತು ಮೀರಿ ದೇಶದ ಪರವಾಗಿ ಮತ ಹಾಕಬಹುದೇ? ಹಾಕಿದರೆ ಏನಾಗುತ್ತದೆ? ಯಾರು ಏನು ಮಾಡಬಹುದು? ಜರ್ಮನ್ ಮಾತಾಡುವ ದೇಶಗಳಲ್ಲಿ ಕೇಂದ್ರ ಸರ್ಕಾರದ ಸಚಿವರಿಗೆ ನಿಜವಾಗಿ ಎಷ್ಟು ಬಲವಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ.

ಬರೆಯುವಾಗ ವ್ಯಕ್ತಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಗುಟ್ಟೇನೂ ಅಲ್ಲ, ಆ ವರ್ಷ ಯುರೋಪಿನ ಸುದ್ದಿ ಓದಿದವರಿಗೆ ಗೊತ್ತಾಗಿಬಿಡುತ್ತದೆ. ಆದರೆ ಹೆಸರು ಬಂದ ಕೂಡಲೇ ನಾವು ಒಂದು ಪಕ್ಷ ಹಿಡಿದುಬಿಡುತ್ತೇವೆ, ಅಲ್ವಾ? ಇಲ್ಲಿ ನೋಡಬೇಕಾದದ್ದು ಕುರ್ಚಿಗಳನ್ನು, ಕೂತವರನ್ನಲ್ಲ.

ಹಿನ್ನೆಲೆ: ಮೂರು ದೇಶ, ಮೂರು ಬಗೆಯ ಸಚಿವರು

ಭಾಷೆ ಒಂದೇ ಆದರೂ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರರಲ್ಲೂ ಸಚಿವರ ಕೆಲಸ ಬೇರೆ ಬೇರೆ. ಹೆಸರುಗಳೇ ದಾರಿ ತಪ್ಪಿಸುತ್ತವೆ. ‘ಬುಂಡೆಸ್‌ರಾಟ್’ ಎಂದರೆ ಜರ್ಮನಿಯಲ್ಲೂ ಆಸ್ಟ್ರಿಯಾದಲ್ಲೂ ರಾಜ್ಯಗಳನ್ನು ಪ್ರತಿನಿಧಿಸುವ ಸಭೆ. ಸ್ವಿಟ್ಜರ್ಲೆಂಡ್‌ನಲ್ಲಿ ಅದೇ ಪದಕ್ಕೆ ಸಚಿವ ಸಂಪುಟ ಎಂದರ್ಥ. ಸಂಪುಟದ ಒಬ್ಬೊಬ್ಬ ಸದಸ್ಯನನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.

ಜರ್ಮನಿಯ ಸಂವಿಧಾನದ 65ನೇ ವಿಧಿ ಮೂರು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಸರ್ಕಾರ ಯಾವ ದಿಕ್ಕಿನಲ್ಲಿ ಹೋಗಬೇಕು ಎಂದು ನಿರ್ಧರಿಸುವವರು ಚಾನ್ಸೆಲರ್. ಆ ದಿಕ್ಕಿನೊಳಗೆ ಪ್ರತಿ ಸಚಿವರೂ ತಮ್ಮ ಖಾತೆಯನ್ನು ಸ್ವತಂತ್ರವಾಗಿ, ಸ್ವಂತ ಜವಾಬ್ದಾರಿಯ ಮೇಲೆ ನಡೆಸುತ್ತಾರೆ. ಸಚಿವರ ನಡುವೆ ಜಗಳ ಬಂದರೆ ಸಂಪುಟ ತೀರ್ಮಾನಿಸುತ್ತದೆ. ಚಾನ್ಸೆಲರ್ ಈ ಮೊದಲ ಅಧಿಕಾರವನ್ನು ಬಾಯಿಬಿಟ್ಟು ಬಳಸುವುದು ಅಪರೂಪ. 2022ರ ಅಕ್ಟೋಬರ್‌ನಲ್ಲಿ ಹಾಗಾಯಿತು. ಅಣುವಿದ್ಯುತ್ ಸ್ಥಾವರಗಳ ಬಗ್ಗೆ ಇಬ್ಬರು ಸಚಿವರು ಪಟ್ಟು ಬಿಡದಿದ್ದಾಗ ಚಾನ್ಸೆಲರ್ ಒಂದು ಪತ್ರ ಬರೆದು, ಉಳಿದಿದ್ದ ಮೂರೂ ಸ್ಥಾವರಗಳನ್ನು 2023ರ ಏಪ್ರಿಲ್ 15ರವರೆಗೆ ಓಡಿಸುವ ದಾರಿ ತೆರೆಯಬೇಕು ಎಂದರು. ವಾದ ಮುಗಿಯಿತು.

ಸ್ವಿಟ್ಜರ್ಲೆಂಡ್‌ನಲ್ಲಿ ಹೀಗೆ ಪತ್ರ ಬರೆಯುವವರೇ ಇಲ್ಲ. ಅಲ್ಲಿ ಏಳೇ ಜನ. ಸಂಸತ್ತಿನ ಎರಡೂ ಸದನಗಳು ಸೇರಿ, ಅಂದರೆ 246 ಜನ, ಒಬ್ಬೊಬ್ಬರನ್ನೇ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಅಧ್ಯಕ್ಷಗಿರಿ ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಬರುತ್ತದೆ. ಅದು ಕೂತು ಸಭೆ ನಡೆಸುವ ಕೆಲಸವೇ ಹೊರತು ಮೇಲಧಿಕಾರಿಯ ಕೆಲಸವಲ್ಲ. ನಡುವೆ ಯಾರೂ ಅವರನ್ನು ವಜಾ ಮಾಡಲಾಗದು. 1848ರಿಂದ ಇಲ್ಲಿಯವರೆಗೆ, ಮತ್ತೆ ಆರಿಸಿ ಎಂದು ನಿಂತವರಲ್ಲಿ ಸೋತವರು ನಾಲ್ಕೇ ಜನ: 1854, 1872, 2003, 2007ರಲ್ಲಿ ಒಬ್ಬೊಬ್ಬರು. ಆದರೆ ಈ ಭದ್ರತೆಗೆ ಬೆಲೆ ಇದೆ. ಏಳು ಜನ ಒಟ್ಟಿಗೆ ತೀರ್ಮಾನಿಸಿದ್ದನ್ನು, ಒಳಗೆ ವಿರೋಧಿಸಿದ್ದವರೂ ಹೊರಗೆ ಬಂದು ಸಮರ್ಥಿಸಬೇಕು.

ಇನ್ನು ಆಸ್ಟ್ರಿಯಾ. ನೋಡಲು ಜರ್ಮನಿಯಂತೆಯೇ ಕಾಣುತ್ತದೆ. ಚಾನ್ಸೆಲರ್ ಇದ್ದಾರೆ, ಸಚಿವರಿದ್ದಾರೆ, ರಾಷ್ಟ್ರಾಧ್ಯಕ್ಷರಿದ್ದಾರೆ. ಆದರೆ ಒಳಗಿನ ಕೀಲು ಬೇರೆ. ಆಸ್ಟ್ರಿಯಾದ ಚಾನ್ಸೆಲರ್ ಸಂಪುಟದ ಸಭೆಗೆ ಅಧ್ಯಕ್ಷರು, ಅಷ್ಟೇ. ಸಚಿವರಿಗೆ ‘ಹೀಗೆ ಮಾಡು’ ಎಂದು ಆದೇಶ ಕೊಡುವ ಅಧಿಕಾರ ಅವರಿಗೆ ಸಂವಿಧಾನದಲ್ಲಿ ಇಲ್ಲ. ಪ್ರತಿ ಸಚಿವರೂ ತಮ್ಮ ಖಾತೆಯಲ್ಲಿ ತಾವೇ ಕೊನೆಯ ಮಾತು. ಸಂಪುಟ ಏನಾದರೂ ತೀರ್ಮಾನಿಸಬೇಕಾದರೆ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ನಿಂತಿತು. ಖಾತೆಗಳ ಗಡಿಯನ್ನೂ ಚಾನ್ಸೆಲರ್ ತಮಗೆ ಬೇಕಾದಂತೆ ಎಳೆಯಲಾರರು. ಜರ್ಮನಿಯಲ್ಲಿ ಚಾನ್ಸೆಲರ್ ಒಂದು ಆದೇಶ ಹೊರಡಿಸಿ ಖಾತೆ ಬದಲಿಸಬಹುದು. ಆಸ್ಟ್ರಿಯಾದಲ್ಲಿ ಅದಕ್ಕೆ ಸಂಸತ್ತು ಕಾನೂನನ್ನೇ ತಿದ್ದಬೇಕು. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಹಾಗಾದರೆ ಚಾನ್ಸೆಲರ್ ಕೈಯಲ್ಲಿ ಏನಿದೆ? ಒಂದೇ ಒಂದು ಆಯುಧ. 70ನೇ ವಿಧಿಯ ಪ್ರಕಾರ, ಈ ಸಚಿವರನ್ನು ತೆಗೆದುಹಾಕಿ ಎಂದು ರಾಷ್ಟ್ರಾಧ್ಯಕ್ಷರಿಗೆ ಸಲಹೆ ಕೊಡಬಹುದು. ಸಣ್ಣ ಶಿಕ್ಷೆ, ಮಧ್ಯಮ ಶಿಕ್ಷೆ ಎಂಬುದಿಲ್ಲ.

ಸಮಸ್ಯೆ ಹುಟ್ಟಿದ್ದು ಹೇಗೆ

2020ರ ಜನವರಿಯಿಂದ ಆಸ್ಟ್ರಿಯಾದಲ್ಲಿ ಸಂಪ್ರದಾಯವಾದಿಗಳ ಪೀಪಲ್ಸ್ ಪಾರ್ಟಿ ಮತ್ತು ಗ್ರೀನ್ಸ್ ಪಕ್ಷದ ಮೈತ್ರಿ ಸರ್ಕಾರವಿತ್ತು. ಚಾನ್ಸೆಲರ್ ದೊಡ್ಡ ಪಕ್ಷದವರು. ನಮ್ಮ ಪ್ರಕರಣದ ಸಚಿವೆ ಗ್ರೀನ್ಸ್‌ನವರು, ರಾಜಕೀಯಕ್ಕೆ ಬರುವ ಮುಂಚೆ ಒಂದು ಪರಿಸರ ಸಂಸ್ಥೆ ನಡೆಸುತ್ತಿದ್ದವರು. ಅವರ ಖಾತೆಯ ಹೆಸರನ್ನು ಒಂದೇ ಉಸಿರಿಗೆ ಹೇಳಲಾಗದು: ಹವಾಮಾನ ರಕ್ಷಣೆ, ಪರಿಸರ, ಇಂಧನ, ಸಂಚಾರ, ನಾವೀನ್ಯತೆ ಮತ್ತು ತಂತ್ರಜ್ಞಾನ. ಕೃಷಿ ಖಾತೆ ಚಾನ್ಸೆಲರ್ ಪಕ್ಷದ ಸಚಿವರ ಕೈಯಲ್ಲಿತ್ತು.

ಒಕ್ಕೂಟದ ಆಯೋಗ 2022ರ ಜೂನ್‌ನಲ್ಲಿ ಪ್ರಕೃತಿ ಪುನಶ್ಚೇತನ ಕಾನೂನಿನ ಕರಡು ತಂದಿತು. ಹಾಳಾದ ಜೌಗು ಭೂಮಿ, ಕಾಡು, ನದಿ, ಹುಲ್ಲುಗಾವಲುಗಳನ್ನು ಮತ್ತೆ ಸರಿಪಡಿಸಬೇಕು. ಒಕ್ಕೂಟದ ನೆಲ ಮತ್ತು ಕಡಲಿನ ಕನಿಷ್ಠ ಶೇ 20ರಷ್ಟು ಭಾಗದಲ್ಲಿ 2030ರೊಳಗೆ ಕೆಲಸ ಶುರುವಾಗಬೇಕು, ಅಗತ್ಯವಿರುವ ಎಲ್ಲ ಕಡೆ 2050ರೊಳಗೆ. 25,000 ಕಿಲೋಮೀಟರ್ ನದಿ ಅಡೆತಡೆಯಿಲ್ಲದೆ ಹರಿಯುವಂತಾಗಬೇಕು. ಇದನ್ನು ಕೇಳಿ ರೈತ ಸಂಘಗಳು ಸಿಟ್ಟಾದವು. ಚರ್ಚೆಯಲ್ಲಿ ಕಾನೂನು ಸಾಕಷ್ಟು ತೆಳುವಾಯಿತು. ಆದರೂ 2024ರ ಫೆಬ್ರವರಿ 27ರಂದು ಯುರೋಪಿಯನ್ ಸಂಸತ್ತಿನಲ್ಲಿ 329 ಪರ, 275 ವಿರುದ್ಧ ಮತಗಳೊಂದಿಗೆ ದಾಟಿತು.

ಉಳಿದದ್ದು ಸಚಿವರ ಕೌನ್ಸಿಲ್‌ನ, ಅಂದರೆ 27 ದೇಶಗಳ ಸಚಿವರು ಕೂತು ಮತ ಹಾಕುವ ಸಭೆಯ, ಒಪ್ಪಿಗೆ. ಮಾರ್ಚ್ ಕೊನೆಯಲ್ಲಿ ಮತಕ್ಕೆ ಹಾಕಬೇಕಿತ್ತು. ಹಂಗೇರಿ ಹಿಂದೆ ಸರಿಯಿತು, ಮತದಾನ ನಿಂತಿತು. ಲೆಕ್ಕ ಹೀಗಿದೆ: 27ರಲ್ಲಿ ಕನಿಷ್ಠ 15 ದೇಶಗಳು ಹೌದೆನ್ನಬೇಕು, ಮತ್ತು ಆ ದೇಶಗಳಲ್ಲಿ ಒಕ್ಕೂಟದ ಶೇ 65ರಷ್ಟು ಜನ ಇರಬೇಕು. ದೇಶಗಳ ಸಂಖ್ಯೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಜನಸಂಖ್ಯೆಯ ಕೊನೆಯ ಒಂದೆರಡು ಶೇಕಡಾದಲ್ಲಿ. ಆಸ್ಟ್ರಿಯಾದ ಪಾಲು ಸುಮಾರು ಶೇ 2. ಅಲ್ಲಿಗೆ ಒಂದು ಸಣ್ಣ ದೇಶದ ಮೇಲೆ ಎಲ್ಲರ ಕಣ್ಣು ಬಿತ್ತು.

ಸಚಿವೆಯ ಕೈ ಕಟ್ಟಿದ್ದು ಎರಡು ಗಂಟುಗಳು. ಮೊದಲನೆಯದು ರಾಜ್ಯಗಳದ್ದು. ಆಸ್ಟ್ರಿಯಾದಲ್ಲಿ ಪ್ರಕೃತಿ ಸಂರಕ್ಷಣೆ ಒಂಬತ್ತು ರಾಜ್ಯಗಳ ವಿಷಯ, ಕೇಂದ್ರದ್ದಲ್ಲ. ಸಂವಿಧಾನದ 23ಡಿ ವಿಧಿ ಏನೆನ್ನುತ್ತದೆಂದರೆ, ರಾಜ್ಯಗಳ ವಿಷಯದಲ್ಲಿ ರಾಜ್ಯಗಳೆಲ್ಲ ಸೇರಿ ಒಂದೇ ನಿಲುವು ಕೊಟ್ಟರೆ, ಬ್ರಸೆಲ್ಸ್‌ನಲ್ಲಿ, ಅಂದರೆ ಒಕ್ಕೂಟದ ಸಭೆಯಲ್ಲಿ, ಕೇಂದ್ರದ ಪ್ರತಿನಿಧಿ ಅದಕ್ಕೆ ಬದ್ಧ. ವಿದೇಶಾಂಗ ಅಥವಾ ಒಕ್ಕೂಟದ ನೀತಿಯ ತೀರಾ ಬಲವಾದ ಕಾರಣವಿದ್ದರೆ ಮಾತ್ರ ಮೀರಬಹುದು. ರಾಜ್ಯಗಳು ಬೇಡವೆಂಬ ನಿಲುವು ಕೊಟ್ಟಿದ್ದವು. (ನಮ್ಮಲ್ಲಿ ಇದು ಉಲ್ಟಾ. 253ನೇ ವಿಧಿಯ ಪ್ರಕಾರ ವಿದೇಶಿ ಒಪ್ಪಂದ ಜಾರಿ ಮಾಡಲು ಸಂಸತ್ತು ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡಬಹುದು. ಆಸ್ಟ್ರಿಯಾದವರಿಗೆ ಇದನ್ನು ಹೇಳಿದರೆ ಹುಬ್ಬೇರಿಸಿಯಾರು.)

ಎರಡನೆಯ ಗಂಟು ಕೃಷಿ ಸಚಿವರದ್ದು. ಒಂದು ವಿಷಯ ಎರಡು ಖಾತೆಗಳನ್ನು ಮುಟ್ಟಿದರೆ ಇಬ್ಬರೂ ಸೇರಿ, ಒಪ್ಪಿ ನಡೆಯಬೇಕು ಎಂದು ಸಚಿವಾಲಯಗಳ ಕಾನೂನು ಹೇಳುತ್ತದೆ. ಹೊಲ, ಹುಲ್ಲುಗಾವಲು ಎಂದ ಮೇಲೆ ಕೃಷಿ ಸಚಿವರ ಮಾತು ಬೇಕೇ ಬೇಕು ಎಂಬುದು ಚಾನ್ಸೆಲರ್ ಕಡೆಯವರ ವಾದ. ಇದು ಪರಿಸರದ ಕಾನೂನು, ಪರಿಸರ ನನ್ನ ಖಾತೆ ಎಂಬುದು ಸಚಿವೆಯ ವಾದ.

ಸುಮ್ಮನಿದ್ದರೂ ನಡೆಯುತ್ತಿತ್ತಲ್ಲ ಎಂದು ಕೇಳಬಹುದು. ನಡೆಯುತ್ತಿರಲಿಲ್ಲ. ಈ ಬಗೆಯ ಮತದಾನದಲ್ಲಿ ತಟಸ್ಥವಾಗಿ ಉಳಿದರೂ ಬೇಡವೆಂದ ಲೆಕ್ಕವೇ, ಏಕೆಂದರೆ ಶೇ 65ಕ್ಕೆ ಅದು ಸೇರುವುದಿಲ್ಲ. ಸಚಿವೆಗೆ ಇದ್ದದ್ದು ಎರಡೇ ದಾರಿ: ಹೌದು ಎಂದು ಹೇಳುವುದು, ಅಥವಾ ತಾನು ವರ್ಷಗಟ್ಟಲೆ ಬೆಂಬಲಿಸಿದ ಕಾನೂನನ್ನು ತಾನೇ ಬೀಳಿಸುವುದು.

ಏನೇನು ಪ್ರಯತ್ನಿಸಿದರು

ಈ ಪ್ರಕರಣದಲ್ಲಿ ನನಗೆ ಕುತೂಹಲ ಜಾಸ್ತಿ ಇರುವುದು ಮತದ ಮೇಲಲ್ಲ, ಅದಕ್ಕೆ ಮುಂಚಿನ ಕೆಲವು ವಾರಗಳ ಮೇಲೆ. ಸಚಿವೆ ಆತುರ ಬೀಳಲಿಲ್ಲ. ಮೊದಲು ಗಂಟು ಬಿಚ್ಚಲು ನೋಡಿದರು, ಕತ್ತರಿಸಲು ಅಲ್ಲ.

ರಾಜ್ಯಗಳು ನಿಲುವು ಬದಲಿಸಬೇಕು ಎಂದು ಅವರು ಬಹಿರಂಗವಾಗಿಯೇ ಕೇಳಿದರು. ಒಂಬತ್ತರಲ್ಲಿ ಮೂರು ರಾಜ್ಯಗಳು ಸೋಷಿಯಲ್ ಡೆಮಾಕ್ರಟ್ ಪಕ್ಷದ ಮುಖ್ಯಸ್ಥರ ಕೈಯಲ್ಲಿದ್ದವು. ಕಾನೂನು ಮೊದಲಿಗಿಂತ ಎಷ್ಟೋ ಸೌಮ್ಯವಾಗಿದೆ ಎಂಬ ಕಾರಣ ಕೊಟ್ಟು ಅವುಗಳಲ್ಲಿ ಎರಡು, ರಾಜಧಾನಿಯೂ ಆದ ವಿಯೆನ್ನಾ ಮತ್ತು ಕ್ಯಾರಿಂಥಿಯಾ, ಮೆಲ್ಲಗೆ ತಿರುಗಿದವು. ವಿಯೆನ್ನಾ ಸರ್ಕಾರ ಪರವಾಗಿ ನಿರ್ಣಯವನ್ನೇ ಮಾಡಿತು.

ಇದೇ ಮೊದಲ ತಿರುವು. ಒಂದೇ ನಿಲುವು ಎಂಬುದಕ್ಕೆ ಎಲ್ಲರೂ ಒಂದಾಗಿರಬೇಕು. ಒಂದು ರಾಜ್ಯ ಹೊರಬಂದರೆ ಆ ನಿಲುವು ಸತ್ತಿತೇ? ಸತ್ತಿತು ಎಂದರು ಸಚಿವೆ. ಇಲ್ಲ, ಒಟ್ಟಿಗೆ ಕಟ್ಟಿದ ಗಂಟನ್ನು ಒಟ್ಟಿಗೇ ಬಿಚ್ಚಬೇಕು, ಹೊಸ ನಿರ್ಣಯ ಬರುವ ತನಕ ಹಳೆಯದೇ ಜಾರಿ ಎಂದರು ಉಳಿದ ರಾಜ್ಯಗಳವರು. ಸಂವಿಧಾನ ನಿಲುವನ್ನು ಕೊಡುವ ಬಗ್ಗೆ ಮಾತಾಡುತ್ತದೆ, ವಾಪಸು ಪಡೆಯುವ ಬಗ್ಗೆ ಸುಮ್ಮನಿದೆ. ಬರೆದವರಿಗೆ ಇಂಥ ದಿನ ಬರುತ್ತದೆಂದು ಹೊಳೆದಿರಲಿಕ್ಕಿಲ್ಲ.

ಅದೇ ಹೊತ್ತಿಗೆ ಎರಡೂ ಕಡೆ ಕಾನೂನು ಪಂಡಿತರ ಅಭಿಪ್ರಾಯಗಳು ಸಿದ್ಧವಾದವು. ಚಾನ್ಸೆಲರ್ ಕಚೇರಿಯಲ್ಲೇ ಇರುವ ಸಂವಿಧಾನ ಸೇವೆ ಎಂಬ ವಿಭಾಗ, ಸಚಿವೆ ಹೌದೆನ್ನುವಂತಿಲ್ಲ ಎಂದಿತು. ಸಚಿವೆ ಹೊರಗಿನ ತಜ್ಞರಿಂದ ತಮ್ಮದೇ ಅಭಿಪ್ರಾಯಗಳನ್ನು ಬರೆಸಿಕೊಂಡರು. ಅವು ಹೌದೆನ್ನಬಹುದು ಎಂದವು. ಇದು ಮೇಲುನೋಟಕ್ಕೆ ವಕೀಲರ ಜಗಳದಂತೆ ಕಂಡರೂ ಮುಂದೆ ಬಹಳ ಕೆಲಸಕ್ಕೆ ಬಂತು. ಆಸ್ಟ್ರಿಯಾದಲ್ಲಿ ಅಧಿಕಾರ ದುರುಪಯೋಗದ ಅಪರಾಧ ಸಾಬೀತಾಗಬೇಕಾದರೆ, ತಪ್ಪೆಂದು ಗೊತ್ತಿದ್ದೂ ಮಾಡಿದರು ಎಂದು ತೋರಿಸಬೇಕು. ಕೈಯಲ್ಲಿ ತಜ್ಞರ ಅಭಿಪ್ರಾಯ ಇಟ್ಟುಕೊಂಡವರ ಮೇಲೆ ಅದನ್ನು ತೋರಿಸುವುದು ಸುಲಭವಲ್ಲ.

ಎರಡನೆಯ ತಿರುವು ಭಾನುವಾರ, ಜೂನ್ 16. ಸಚಿವೆ ಪತ್ರಿಕಾಗೋಷ್ಠಿ ಕರೆದು, ನಾಳೆ ನಾನು ಹೌದೆಂದು ಮತ ಹಾಕುತ್ತೇನೆ ಎಂದು ಹೇಳಿಬಿಟ್ಟರು. ಬಾಯಿ ಮುಚ್ಚಿಕೊಂಡು ಹೋಗಿ ಮತ ಹಾಕಿ ಬರಬಹುದಿತ್ತು. ಮುಂಚೆಯೇ ಹೇಳಿದ್ದರಿಂದ ಎದುರಾಳಿಗಳಿಗೆ ಒಂದು ಇಡೀ ದಿನ ಸಿಕ್ಕಿತು.

ಈ ನಿರ್ಧಾರದ ತೂಕ ಗೊತ್ತಾಗಬೇಕಾದರೆ ಏಳು ವರ್ಷ ಹಿಂದೆ ಜರ್ಮನಿಗೆ ಹೋಗಬೇಕು. 2017ರ ನವೆಂಬರ್ 27ರಂದು ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಇನ್ನೂ ಐದು ವರ್ಷ ಅನುಮತಿ ಕೊಡಬೇಕೇ ಎಂದು ಒಕ್ಕೂಟದಲ್ಲಿ ಮತವಿತ್ತು. ಜರ್ಮನಿಯ ಕೃಷಿ ಸಚಿವರಿಗೆ ಬೇಕು, ಪರಿಸರ ಸಚಿವೆಗೆ ಬೇಡ. ಸಚಿವರಲ್ಲಿ ಒಮ್ಮತವಿಲ್ಲದಿದ್ದರೆ ಜರ್ಮನಿ ತಟಸ್ಥವಾಗಿರಬೇಕು ಎಂಬುದು ಸರ್ಕಾರದ ಕಾರ್ಯನಿಯಮ. ಇದು ಎಷ್ಟು ಸಲ ಆಗುತ್ತದೆಂದರೆ ಬ್ರಸೆಲ್ಸ್‌ನಲ್ಲಿ ತಟಸ್ಥ ಮತಕ್ಕೆ ‘ಜರ್ಮನ್ ವೋಟ್’ ಎಂದೇ ಅಡ್ಡಹೆಸರು. ಆವತ್ತೇ ಪರಿಸರ ಸಚಿವೆ ಫೋನ್ ಮಾಡಿ ತಮ್ಮ ವಿರೋಧ ತಿಳಿಸಿದ್ದರು. ಆದರೂ ಕೃಷಿ ಸಚಿವರು ಹೌದು ಮತ ಹಾಕಿಸಿದರು. 28 ದೇಶಗಳಲ್ಲಿ 18 ಪರ, 9 ವಿರುದ್ಧ, ಒಂದು ತಟಸ್ಥ. ಅನುಮತಿ ಸಿಕ್ಕಿತು. ಚಾನ್ಸೆಲರ್ ಬಹಿರಂಗವಾಗಿ ಗದರಿಸಿದರು, ಆದರೆ ವಜಾ ಮಾಡಲಿಲ್ಲ. ಆಗಷ್ಟೇ ಚುನಾವಣೆ ಮುಗಿದು ಹೊಸ ಮೈತ್ರಿಯ ಮಾತುಕತೆ ನಡೆಯಬೇಕಿತ್ತು, ಯಾರನ್ನೂ ಕೆಣಕುವ ಹೊತ್ತಲ್ಲ. 2018ರ ಮಾರ್ಚ್‌ನಲ್ಲಿ ಹೊಸ ಸಂಪುಟ ಬಂದಾಗ ಆ ಸಚಿವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಆದೇಶ ಕೊಡಬಲ್ಲ ಚಾನ್ಸೆಲರ್ ಇದ್ದರು, ಮತ ಹೋಯಿತು ಎಂದು ಅವರಿಗೆ ಗೊತ್ತಾದದ್ದು ಆದ ಮೇಲೆ. ಇನ್ನೊಂದು ಕಡೆ ಚಾನ್ಸೆಲರ್‌ಗೆ ಹಿಂದಿನ ದಿನವೇ ಗೊತ್ತಿತ್ತು, ಆದರೆ ಆದೇಶ ಕೊಡುವ ಅಧಿಕಾರವಿರಲಿಲ್ಲ. ಅಧಿಕಾರ, ಸುದ್ದಿ ಎರಡೂ ಒಟ್ಟಿಗೆ ಇಬ್ಬರಲ್ಲಿ ಯಾರಿಗೂ ಸಿಗಲಿಲ್ಲ.

ಏನಾಯಿತು

ಆಸ್ಟ್ರಿಯಾದ ಚಾನ್ಸೆಲರ್ ಸುಮ್ಮನೆ ಕೂರಲಿಲ್ಲ. ಆಗ ಕೌನ್ಸಿಲ್‌ನ ಸರದಿ ಅಧ್ಯಕ್ಷತೆ ಬೆಲ್ಜಿಯಂನದ್ದು. ಅವರಿಗೆ ಪತ್ರ ಬರೆದರು: ನಮ್ಮ ಸಚಿವೆಗೆ ಈ ವಿಷಯದಲ್ಲಿ ಒಪ್ಪಿಗೆ ಕೊಡುವ ಅಧಿಕಾರವಿಲ್ಲ, ಅವರು ಕೊಟ್ಟರೆ ಅದು ನಮ್ಮ ಸಂವಿಧಾನಕ್ಕೆ ವಿರುದ್ಧ.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ದೊಡ್ಡ ತಪ್ಪು ಹೆಜ್ಜೆ ಇದೇ. ಪತ್ರದಿಂದ ಮತ ನಿಲ್ಲುವ ಸಾಧ್ಯತೆ ಮೊದಲೇ ಕಡಿಮೆ ಇತ್ತು. ಯುರೋಪಿಯನ್ ಒಕ್ಕೂಟದ ಒಪ್ಪಂದದ 16ನೇ ವಿಧಿ ನೇರವಾಗಿದೆ: ಕೌನ್ಸಿಲ್‌ನಲ್ಲಿ ಪ್ರತಿ ದೇಶದಿಂದ ಸಚಿವರ ಮಟ್ಟದ ಒಬ್ಬ ಪ್ರತಿನಿಧಿ ಇರುತ್ತಾರೆ, ಅವರು ತಮ್ಮ ಸರ್ಕಾರವನ್ನು ಬದ್ಧಗೊಳಿಸಬಲ್ಲರು, ಅದರ ಮತ ಹಾಕಬಲ್ಲರು. ಮನೆಯೊಳಗಿನ ಜಗಳ ಬಾಗಿಲ ಹೊರಗೆ ನಿಂತವರಿಗೆ ಬೇಕಿಲ್ಲ. ಸಭೆ ನಡೆಸುತ್ತಿದ್ದ ಬೆಲ್ಜಿಯಂ ಸಚಿವರು ಹೇಳಿದ್ದೂ ಅದನ್ನೇ: ಮತ ಹಾಕುವವರು ಇಲ್ಲಿ ಕೂತಿರುವ ಸಚಿವರು, ಉಳಿದದ್ದು ಆಸ್ಟ್ರಿಯಾದ ಒಳಗಿನ ವಿಷಯ. ಪತ್ರದಿಂದ ಆದದ್ದು ಒಂದೇ. ತನ್ನ ಸಂಪುಟವನ್ನು ತಾನು ಹಿಡಿದಿಡಲಾರೆ ಎಂದು ಚಾನ್ಸೆಲರ್ 26 ದೇಶಗಳ ಮುಂದೆ ತಾವೇ ಬರೆದುಕೊಟ್ಟಂತಾಯಿತು.

ಒಂದು ತಮಾಷೆಯನ್ನೂ ಹೇಳಬೇಕು. ಸಭೆ ನಡೆಸಿದ ಬೆಲ್ಜಿಯಂ ಆ ದಿನ ತಟಸ್ಥವಾಗಿತ್ತು, ಏಕೆಂದರೆ ಅವರ ಪ್ರಾಂತ್ಯಗಳಲ್ಲೇ ಒಮ್ಮತವಿರಲಿಲ್ಲ. ಆಸ್ಟ್ರಿಯಾದ ಚಾನ್ಸೆಲರ್ ತಮ್ಮ ಸಚಿವೆಯಿಂದ ಬಯಸಿದ್ದನ್ನು ಮಾಡಿದ್ದು ಬೆಲ್ಜಿಯಂ.

ಫಲಿತಾಂಶ ಬಂತು. 20 ದೇಶಗಳು ಪರ, ಆರು ವಿರುದ್ಧ, ಒಂದು ತಟಸ್ಥ. ಪರವಾಗಿದ್ದ ದೇಶಗಳ ಜನಸಂಖ್ಯೆ ಶೇ 66.07. ಅದರಿಂದ ಆಸ್ಟ್ರಿಯಾದ ಪಾಲು ಕಳೆದರೆ 64ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅವರು ಬೇಡವೆಂದಿದ್ದರೆ ಕಾನೂನು ಆ ದಿನ ಬೀಳುತ್ತಿತ್ತು.

ಮತ ಬಿದ್ದ ಮೇಲೆ ವಿಯೆನ್ನಾದಲ್ಲಿ ಬೆಂಕಿ. ಚಾನ್ಸೆಲರ್ ಪಕ್ಷ ಅಧಿಕಾರ ದುರುಪಯೋಗದ ದೂರು ಕೊಡುತ್ತೇವೆ ಎಂದಿತು, ಒಕ್ಕೂಟದ ನ್ಯಾಯಾಲಯದಲ್ಲಿ ಮತವನ್ನು ಪ್ರಶ್ನಿಸುತ್ತೇವೆ ಎಂದಿತು. ಆದರೆ ಇದ್ದ ಒಂದೇ ಆಯುಧವನ್ನು ಚಾನ್ಸೆಲರ್ ಮುಟ್ಟಲಿಲ್ಲ. ರಾಷ್ಟ್ರಾಧ್ಯಕ್ಷರ ಬಳಿ ಹೋಗಿ ಸಚಿವೆಯನ್ನು ತೆಗೆಯಿರಿ ಎನ್ನಲಿಲ್ಲ.

ಮೂರನೆಯ ತಿರುವು ಇದು, ಮತ್ತು ನಡೆಯದೆ ಹೋದ ತಿರುವು. ಏಕೆ ಹೀಗೆ? ಐದು ವರ್ಷ ಹಿಂದಿನ ನೆನಪು ಇನ್ನೂ ಹಸಿಯಾಗಿತ್ತು. 2019ರ ಮೇ ತಿಂಗಳಲ್ಲಿ, ಒಂದು ವಿಡಿಯೋ ಹಗರಣದ ನಂತರ, ಇದೇ ಪಕ್ಷದ ಆಗಿನ ಚಾನ್ಸೆಲರ್ ಗೃಹ ಸಚಿವರನ್ನು ತೆಗೆಯಲು ಸಲಹೆ ಕೊಟ್ಟಿದ್ದರು. ಎರಡನೆಯ ಗಣರಾಜ್ಯದಲ್ಲಿ, ಅಂದರೆ 1945ರ ನಂತರ, ಹಾಗೆ ಆದದ್ದು ಅದೇ ಮೊದಲು. ಗೃಹ ಸಚಿವರ ಪಕ್ಷದವರೂ ಸರ್ಕಾರ ಬಿಟ್ಟರು. ಕೆಲವೇ ದಿನಗಳಲ್ಲಿ, ಮೇ 27ರಂದು, ಸಂಸತ್ತು ಚಾನ್ಸೆಲರ್ ಸಹಿತ ಇಡೀ ಸರ್ಕಾರವನ್ನೇ ಅವಿಶ್ವಾಸ ನಿರ್ಣಯದಿಂದ ಇಳಿಸಿತು. ಒಬ್ಬರನ್ನು ತೆಗೆಯಲು ಹೋಗಿ ಎಲ್ಲರೂ ಹೋದರು.

2024ರಲ್ಲಿ ಚುನಾವಣೆ ಸೆಪ್ಟೆಂಬರ್ 29ಕ್ಕೆ ನಿಗದಿಯಾಗಿತ್ತು. ಉಳಿದದ್ದು ಮೂರು ತಿಂಗಳು ಚಿಲ್ಲರೆ. ಸಚಿವೆಯನ್ನು ತೆಗೆದರೆ ಮೈತ್ರಿ ಮುರಿಯುತ್ತದೆ, ಸಂಸತ್ತಿನಲ್ಲಿ ಯಾರು ಬೇಕಾದರೂ ಯಾರ ಜೊತೆ ಬೇಕಾದರೂ ಸೇರಿ ಖರ್ಚಿನ ಕಾನೂನು ಪಾಸು ಮಾಡಬಹುದು. ಗೊಂದಲ ಬೇಡ, ಕೊನೆಯವರೆಗೂ ಸರ್ಕಾರ ನಡೆಸುತ್ತೇನೆ ಎಂದು ಚಾನ್ಸೆಲರ್ ಹೇಳಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲು ಅವರು ತಯಾರಿರಲಿಲ್ಲ.

ಸಂಸತ್ತಿನ ದಾರಿಯೂ ಇತ್ತು. ಆಸ್ಟ್ರಿಯಾದಲ್ಲಿ ಒಬ್ಬ ಸಚಿವರ ಮೇಲೆ ಮಾತ್ರ ಅವಿಶ್ವಾಸ ಸೂಚಿಸಿ ಇಳಿಸಬಹುದು. ಜರ್ಮನಿಯಲ್ಲಿ ಇದು ಸಾಧ್ಯವಿಲ್ಲ, ಅಲ್ಲಿ ಚಾನ್ಸೆಲರ್ ವಿರುದ್ಧ ಮಾತ್ರ, ಅದೂ ಹೊಸ ಚಾನ್ಸೆಲರನ್ನು ಆರಿಸಿಕೊಂಡೇ. ನಮ್ಮ ಲೋಕಸಭೆಯಲ್ಲೂ ಅವಿಶ್ವಾಸ ಇಡೀ ಮಂತ್ರಿಮಂಡಲದ ಮೇಲೆಯೇ. ಆಸ್ಟ್ರಿಯಾದ 183 ಸದಸ್ಯರ ಕೆಳಸದನದಲ್ಲಿ 2019ರ ಚುನಾವಣೆಯಲ್ಲಿ ಚಾನ್ಸೆಲರ್ ಪಕ್ಷ ಗೆದ್ದದ್ದು 71 ಸೀಟು. ಬಲಪಂಥದ ವಿರೋಧ ಪಕ್ಷ ಸೇರಿಕೊಂಡರೆ ಬಹುಮತ ಸಿಗುತ್ತಿತ್ತು. ಆದರೆ ಸ್ವಂತ ಮಿತ್ರಪಕ್ಷದ ಸಚಿವೆಯನ್ನು ವಿರೋಧ ಪಕ್ಷದ ಕೈ ಹಿಡಿದು ಇಳಿಸುವುದೂ ಮೈತ್ರಿ ಮುರಿಯುವುದೂ ಒಂದೇ ಅಲ್ವಾ? ಅದೂ ಆಗಲಿಲ್ಲ.

ಇನ್ನೊಂದು ದಾರಿ ಸಂವಿಧಾನ ನ್ಯಾಯಾಲಯದಲ್ಲಿ ಸಚಿವರ ಮೇಲೆ ದೋಷಾರೋಪಣೆ. 142ನೇ ವಿಧಿ ಕೌನ್ಸಿಲ್‌ನಲ್ಲಿ ಆಸ್ಟ್ರಿಯಾದ ಪ್ರತಿನಿಧಿಯ ಬಗ್ಗೆ ಪ್ರತ್ಯೇಕವಾಗಿಯೇ ಮಾತಾಡುತ್ತದೆ. ವಿಷಯ ಕೇಂದ್ರದ್ದಾದರೆ ಸಂಸತ್ತಿನ ಕೆಳಸದನ ನಿರ್ಣಯ ಮಾಡಬೇಕು. ವಿಷಯ ರಾಜ್ಯಗಳದ್ದಾದರೆ ಒಂಬತ್ತೂ ರಾಜ್ಯಗಳ ಶಾಸಕಾಂಗಗಳು ಒಂದೇ ತೆರನ ನಿರ್ಣಯ ಮಾಡಬೇಕು. ಒಂಬತ್ತೂ! ಪ್ರಕೃತಿ ಸಂರಕ್ಷಣೆ ರಾಜ್ಯಗಳ ವಿಷಯ ಎಂದು ವಾದಿಸಿದವರಿಗೆ ಆ ವಾದವೇ ಬಾಗಿಲು ಮುಚ್ಚಿತು. ವಿಯೆನ್ನಾ ಆಕೆಯ ಪರ ನಿಂತ ಮೇಲೆ ಒಂಬತ್ತು ಎಲ್ಲಿಂದ ಬರಬೇಕು?

ಹೀಗೆ ಒಂದೊಂದೇ ದಾರಿ ಕಾಗದದ ಮೇಲೆ ತೆರೆದಿತ್ತು, ನಡೆಯಲು ಹೋದರೆ ಮುಚ್ಚಿತ್ತು. ಸಚಿವೆಯ ಮೇಲೆ ಯಾವ ಮೊಕದ್ದಮೆಯೂ ನಡೆಯಲಿಲ್ಲ. ಕಾನೂನು 2024ರ ಆಗಸ್ಟ್ 18ರಿಂದ ಜಾರಿಗೆ ಬಂತು. ಸಚಿವೆ ತಮ್ಮ ಕುರ್ಚಿಯಲ್ಲಿ ಚುನಾವಣೆಯವರೆಗೂ, ಆಮೇಲೆ ಹೊಸ ಸರ್ಕಾರ ಬರುವವರೆಗೂ ಇದ್ದರು.

ಈ ಪ್ರಕರಣದಿಂದ ಕಲಿಯುವುದೇನು

ಮೊದಲಿಗೆ, ಸಚಿವೆ ಮಾಡಿದ್ದು ಕಾನೂನಿನ ಪ್ರಕಾರ ಸರಿಯೇ? ಇದಕ್ಕೆ ನ್ಯಾಯಾಲಯದ ಉತ್ತರವಿಲ್ಲ. ಎರಡೂ ಕಡೆ ಓದಿದವರೇ ಇದ್ದರು. ನನಗೆ ಅನ್ನಿಸುವುದು, 23ಡಿ ವಿಧಿಯ ವಿಷಯದಲ್ಲಿ ಅವರ ವಾದ ಸ್ವಲ್ಪ ಗಟ್ಟಿ, ಕೃಷಿ ಸಚಿವರ ಒಪ್ಪಿಗೆಯ ವಿಷಯದಲ್ಲಿ ಸ್ವಲ್ಪ ಸಡಿಲ. ಪರಿಸರದ ಕಾನೂನು ಎಂದು ಹೆಸರಿದ್ದ ಮಾತ್ರಕ್ಕೆ ಹೊಲದ ಮೇಲೆ ಅದರ ನೆರಳು ಬೀಳುವುದಿಲ್ಲವೇ? ಆದರೆ ಆ ಒಪ್ಪಿಗೆ ಬೇಕೆಂಬ ನಿಯಮ ಸರ್ಕಾರದ ಒಳಗಿನದ್ದು. ಒಳಗಿನ ನಿಯಮ ಮುರಿದರೂ ಹೊರಗೆ ಹಾಕಿದ ಮತ ಊರ್ಜಿತವಾಗಿಯೇ ಉಳಿಯುತ್ತದೆ. 2017ರಲ್ಲಿ ಜರ್ಮನಿಯವರು ಕಲಿತದ್ದನ್ನೇ 2024ರಲ್ಲಿ ಆಸ್ಟ್ರಿಯಾದವರೂ ಕಲಿತರು. ಮತ ಬಿದ್ದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಚಾನ್ಸೆಲರ್ ಜಾಗದಲ್ಲಿ ಬೇರೆಯವರಿದ್ದರೆ ಏನು ಮಾಡಬಹುದಿತ್ತು? ಕಾದಾಟ ನಡೆಸಬೇಕಾದದ್ದು ಜೂನ್ ತಿಂಗಳಲ್ಲಿ ಅಲ್ಲ, ಮೇ ತಿಂಗಳಲ್ಲಿ, ರಾಜ್ಯಗಳ ಜೊತೆ. ವಿಯೆನ್ನಾ ತಿರುಗುವುದಕ್ಕೆ ಮುಂಚೆ ಒಂಬತ್ತೂ ರಾಜ್ಯಗಳಿಂದ ಹೊಸದಾಗಿ ಒಂದು ನಿಲುವು ಬರೆಸಿಕೊಂಡಿದ್ದರೆ ಸಚಿವೆಯ ಕಾಲಡಿಯ ನೆಲ ಕುಸಿಯುತ್ತಿತ್ತು. ಬರೆಸುವುದು ಸಾಧ್ಯವಿತ್ತೋ ಇಲ್ಲವೋ ಬೇರೆ ಮಾತು. ಆದರೆ ಹಳೆಯ ನಿಲುವನ್ನೇ ನೆಚ್ಚಿಕೊಂಡು ಕೂತದ್ದು ದುಬಾರಿಯಾಯಿತು.

ಸಚಿವೆಯ ಕಡೆಯಿಂದ ನೋಡಿದರೆ, ಅವರಿಗೆ ಬಲ ಬಂದದ್ದು ಧೈರ್ಯದಿಂದ ಮಾತ್ರ ಅಲ್ಲ. ಸಮಯದಿಂದ. ಇದೇ ಮತ 2021ರಲ್ಲಿ ಬಂದಿದ್ದರೆ? ಮುಂದೆ ಮೂರು ವರ್ಷ ಒಂದೇ ಮೇಜಿನಲ್ಲಿ ಕೂರಬೇಕಾದ ಮಿತ್ರಪಕ್ಷದವರು ಸೇಡು ತೀರಿಸಿಕೊಳ್ಳದೆ ಇರುತ್ತಿದ್ದರೇ? ಸಂಪುಟದಲ್ಲಿ ಎಲ್ಲಕ್ಕೂ ಒಮ್ಮತ ಬೇಕು ಎಂದ ಮೇಲೆ ಅವರ ಪ್ರತಿ ಕಡತವೂ ಅಲ್ಲೇ ಕೊಳೆಯುತ್ತಿತ್ತು. ಅವಧಿ ಮುಗಿಯುವ ಹೊತ್ತಿಗೆ ಕೊಡುವುದೂ ಪಡೆಯುವುದೂ ಏನೂ ಉಳಿದಿರಲಿಲ್ಲ. ಸ್ವಿಟ್ಜರ್ಲೆಂಡ್‌ನ ಏಳು ಜನರಲ್ಲಿ ಒಬ್ಬರು ಹೀಗೆ ಮಾಡುವುದನ್ನು ಊಹಿಸುವುದು ಕಷ್ಟ. ಅಲ್ಲಿ ಅವಧಿ ಮುಗಿದರೂ ಅದೇ ಏಳು ಜನರಲ್ಲಿ ಬಹುಪಾಲು ಮತ್ತೆ ಒಟ್ಟಿಗೆ ಕೂರುತ್ತಾರೆ.

ಇದರಿಂದ ಗ್ರೀನ್ಸ್‌ಗೆ ಮತ ಸಿಕ್ಕಿತೇ ಎಂದರೆ, ಸಂಖ್ಯೆ ಹಾಗೆ ಹೇಳುವುದಿಲ್ಲ. 2019ರಲ್ಲಿ ಶೇ 13.9 ಇದ್ದದ್ದು 2024ರಲ್ಲಿ ಶೇ 8.2ಕ್ಕೆ ಇಳಿಯಿತು. ಚಾನ್ಸೆಲರ್ ಪಕ್ಷವೂ ಸೋತಿತು, ಮೊದಲ ಸ್ಥಾನ ಬಲಪಂಥದ ವಿರೋಧ ಪಕ್ಷದ ಪಾಲಾಯಿತು. ಸಚಿವೆ ಮಾತ್ರ 2025ರಲ್ಲಿ ತಮ್ಮ ಪಕ್ಷದ ಮುಖ್ಯಸ್ಥೆಯಾದರು.

ಇನ್ನು ಖಾತೆಗಳ ಗಡಿ. ನೆನಪಿರಲಿ ಎಂದಿದ್ದೆನಲ್ಲ. 2025ರ ಮಾರ್ಚ್‌ನಲ್ಲಿ ಮೂರು ಪಕ್ಷಗಳ ಹೊಸ ಸರ್ಕಾರ ಬಂತು, ಗ್ರೀನ್ಸ್ ಹೊರಗೆ. ಸಂಸತ್ತು ಸಚಿವಾಲಯಗಳ ಕಾನೂನನ್ನು ತಿದ್ದಿತು. ಒಂದೇ ಉಸಿರಿಗೆ ಹೇಳಲಾಗದ ಆ ದೊಡ್ಡ ಖಾತೆಯನ್ನು ಒಡೆದು ಹಂಚಿದರು. ಪರಿಸರ ಮತ್ತು ಹವಾಮಾನದ ಭಾಗ ಕೃಷಿ ಖಾತೆಗೆ ಹೋಯಿತು. ಅಲ್ಲಿ ಕೂತಿದ್ದವರು ಅದೇ ಕೃಷಿ ಸಚಿವರು, 2024ರಲ್ಲಿ ಒಪ್ಪಿಗೆ ಕೊಡದಿದ್ದವರು. ಪುನಶ್ಚೇತನ ಕಾನೂನಿನ ಪ್ರಕಾರ ಪ್ರತಿ ದೇಶವೂ ತನ್ನ ಯೋಜನೆಯ ಕರಡನ್ನು 2026ರ ಸೆಪ್ಟೆಂಬರ್ 1ರೊಳಗೆ ಒಕ್ಕೂಟಕ್ಕೆ ಕೊಡಬೇಕು. ಆಸ್ಟ್ರಿಯಾದ ಕರಡಿನ ಕೆಲಸ ಬಂದು ಬಿದ್ದದ್ದು ಅವರ ಮೇಜಿನ ಮೇಲೆ.